ಇಡುವುದನ್ನು ಬರೆದಿದ್ದೀರಿ, ತೆಗೆಯುವುದನ್ನು ಬಿಟ್ಟಿದ್ದೀರಿ

ಹಾವೇರಿಯಿಂದ ಕ್ಯಾಶಿಂಗ್ (ಪದೇ ಪದೇ ಬೇಕಾಗುವ ಮಾಹಿತಿಯ ನಕಲನ್ನು ಬೇಗ ಸಿಗುವ ಜಾಗದಲ್ಲಿ ಇಡುವುದು) ಕುರಿತ ಲೇಖನ ಕಳಿಸಿದವರಿಗೆ, ಧಾರವಾಡದಿಂದ ನಮಸ್ಕಾರ.

ನೇರವಾಗಿ ಹೇಳುತ್ತೇನೆ, ಈಗಿನ ರೂಪದಲ್ಲಿ ಲೇಖನ ಹಾಕಲಾಗದು. ಕ್ಲೌಡ್ ಸರ್ವರ್ ಪಕ್ಕದಲ್ಲಿ ರೆಡಿಸ್ (ಮಾಹಿತಿಯನ್ನು ಮೆಮೊರಿಯಲ್ಲೇ ಇಡುವ ತಂತ್ರಾಂಶ) ಕೂರಿಸಿದರೆ ಸೈಟ್ ಚುರುಕಾಗುತ್ತದೆ ಎಂದಷ್ಟೇ ಬರೆದು ಮುಗಿಸಿದ್ದೀರಿ. ಕ್ಯಾಶ್‌ನಲ್ಲಿಟ್ಟದ್ದು ಯಾವಾಗ ಹೋಗಬೇಕು ಅನ್ನುವಲ್ಲೇ ಎಲ್ಲರೂ ಎಡವುವುದು. ಆ ಮಾತೇ ಇಲ್ಲ. ಇಂಥದೇ ಕೆಲಸದ 2003ರ ಮೆಮ್‌ಕ್ಯಾಶ್‌ಡಿ, 2009ರ ರೆಡಿಸ್ ಇವುಗಳ ಇತಿಹಾಸ ಒಂದು ಸಾಲಿಗೆ ಇಳಿಯಲಿ.

ಬ್ಯಾಡಗಿ ಮೆಣಸಿನಕಾಯಿ ದರದ ಪುಟವನ್ನು ಉದಾಹರಣೆಗೆ ತಗೊಂಡಿದ್ದು ಬಹಳ ಚಲೋ. ಅದನ್ನೇ ಕೊನೆತನಕ ಹಿಡಿದು ನಡೆಸಿರಿ. ಡಬ್ಬಿ, ಕಡ್ಡಿ, ಗುಂಟೂರು, ಎಲ್ಲ ಕೀಗಳಿಗೂ (ಒಂದೊಂದು ದರವನ್ನು ಕ್ಯಾಶ್‌ನಲ್ಲಿ ಗುರುತಿಸುವ ಹೆಸರು) 300 ಸೆಕೆಂಡ್ ಆಯುಷ್ಯ ಕೊಟ್ಟಿದ್ದೀರಿ. ಒಟ್ಟಿಗೆ ತುಂಬಿದವು ಒಟ್ಟಿಗೇ ಸಾಯುತ್ತವೆ. ಅದೇ ಹೊತ್ತಿಗೆ ಟೆಂಡರ್ ದರ ನೋಡಲು ಜನ ಮುಗಿಬಿದ್ದರೆ ಅಷ್ಟೂ ವಿನಂತಿ ಡೇಟಾಬೇಸ್ ಮೇಲೆ ಬೀಳುತ್ತವೆ. 300ಕ್ಕೆ 0ರಿಂದ 60ರೊಳಗಿನ ಯಾದೃಚ್ಛಿಕ ಸಂಖ್ಯೆ ಕೂಡಿಸಿರಿ, ಆಗ ಕೀಗಳು ಬೇರೆ ಬೇರೆ ಹೊತ್ತಿಗೆ ಸಾಯುತ್ತವೆ. ಜೊತೆಗೆ ಎನ್‌ಎಕ್ಸ್ (ಕೀ ಇಲ್ಲದಿದ್ದರೆ ಮಾತ್ರ ಬರೆ) ಮತ್ತು ಇಎಕ್ಸ್ 10 (10 ಸೆಕೆಂಡ್ ಆಯುಷ್ಯ) ಹಾಕಿದ ರೆಡಿಸ್‌ನ ಸೆಟ್ ಆಜ್ಞೆಯಿಂದ ಬೀಗ ಹಾಕಿರಿ: ಬೀಗ ಸಿಕ್ಕವನೊಬ್ಬನೇ ಡೇಟಾಬೇಸ್‌ಗೆ ಹೋಗಲಿ, ಉಳಿದವರು 50 ಮಿಲಿಸೆಕೆಂಡ್ ಕಾದು ಮತ್ತೆ ಕ್ಯಾಶ್ ನೋಡಲಿ.

ದರ ಬದಲಾದಾಗ ಕ್ಯಾಶ್‌ನಲ್ಲೂ ಹೊಸ ದರ ಬರೆಯಿರಿ ಎಂದಿದ್ದೀರಿ. ಇದು ಅಪಾಯ. ಎರಡು ಬದಲಾವಣೆ ಬೆನ್ನುಬೆನ್ನಿಗೆ ಬಂದು ಹಿಂದುಮುಂದಾದರೆ ಹಳೆಯ ದರವೇ ಕ್ಯಾಶ್‌ನಲ್ಲಿ ಉಳಿಯುತ್ತದೆ, ರೈತ ಅದನ್ನೇ ನಂಬುತ್ತಾನೆ. ಮೊದಲು ಡೇಟಾಬೇಸ್‌ನಲ್ಲಿ ಕಮಿಟ್ (ಬದಲಾವಣೆ ಕಾಯಂ) ಮಾಡಿ, ಆಮೇಲೆ ಕೀ ಅಳಿಸಿರಿ. ಮುಂದಿನ ಓದು ಹೊಸ ದರವನ್ನು ಕ್ಯಾಶ್‌ಗೆ ತುಂಬಿಕೊಳ್ಳುತ್ತದೆ. ಅಳಿಸುವಲ್ಲೂ ಹಳೆಯ ದರ ನುಸುಳುವ ಸಣ್ಣ ಸಂದು ಉಳಿಯುತ್ತದೆ, ಹಾಗಾಗಿ ಆಯುಷ್ಯವನ್ನು ಕೈಬಿಡಬೇಡಿ.

ಮೆಮೊರಿ ತುಂಬಿದಾಗ ಏನಾಗುತ್ತದೆ? ನೀವೇ ಕೂರಿಸಿದ ರೆಡಿಸ್‌ನ ಮೂಲ ಸೆಟ್ಟಿಂಗ್ ನೋಎವಿಕ್ಷನ್, ಅಂದರೆ ಏನನ್ನೂ ತಾನಾಗಿ ಹೊರಹಾಕದು. ಮ್ಯಾಕ್ಸ್‌ಮೆಮೊರಿ (ನೀವು ಕೊಟ್ಟ ಮೆಮೊರಿ ಮಿತಿ) ಮುಟ್ಟಿದರೆ ಓದು ನಡೆಯುತ್ತದೆ, ಬರೆಯಲು ಹೋದರೆ ಎರರ್. ಕ್ಯಾಶ್‌ಗೆ ಆಲ್‌ಕೀಸ್-ಎಲ್‌ಆರ್‌ಯು ಇಡಿ, ಬಹಳ ಹೊತ್ತಿನಿಂದ ಬಳಸದ ಕೀಗಳು ಮೊದಲು ಹೋಗುತ್ತವೆ. 2 ಜಿಬಿ ಯಂತ್ರಕ್ಕೆ ಪೂರ್ತಿ 2 ಜಿಬಿ ಕೊಡಬೇಡಿ. ಸ್ನ್ಯಾಪ್‌ಶಾಟ್ (ಇಡೀ ಮಾಹಿತಿಯ ಪ್ರತಿಯನ್ನು ಡಿಸ್ಕ್‌ಗೆ ಬರೆಯುವುದು) ತೆಗೆಯುವಾಗ ಬದಲಾದ ಮೆಮೊರಿ ಪುಟಗಳ ನಕಲಿಗೂ ಜಾಗ ಬೇಕು. 1.2 ಜಿಬಿ ಸಾಕು.

ರೆಡಿಸ್ ಬೇಡ, ಆ್ಯಪ್‌ನೊಳಗಿನ ಮ್ಯಾಪ್‌ನಲ್ಲೇ (ಪ್ರೋಗ್ರಾಂನದೇ ಮೆಮೊರಿಯ ಕೀ-ಮೌಲ್ಯ ಪಟ್ಟಿ) ಇಟ್ಟರೂ ಸಾಕೆಂಬ ನಿಮ್ಮ ಮಾತು ಸರ್ವರ್ ಒಂದೇ ಇದ್ದಾಗ ಸರಿ. ಲೋಡ್ ಬ್ಯಾಲೆನ್ಸರ್ (ವಿನಂತಿಗಳನ್ನು ಸರ್ವರ್‌ಗಳಿಗೆ ಹಂಚುವುದು) ಹಿಂದೆ ಮೂರು ಸರ್ವರ್ ಇದ್ದರೆ ಒಂದೊಂದರಲ್ಲೂ ಬೇರೆ ನಕಲು, ರಿಫ್ರೆಶ್ ಒತ್ತಿದಾಗೊಮ್ಮೆ ಹೊಸ ದರ, ಇನ್ನೊಮ್ಮೆ ಹಳೆಯದು. ರೆಡಿಸ್ ಕೂಡ ಆ್ಯಪ್ ಇರುವ ಮುಂಬೈ ರೀಜನ್‌ನಲ್ಲೇ (ಕ್ಲೌಡ್ ಕಂಪನಿಯ ಸರ್ವರ್‌ಗಳಿರುವ ಪ್ರದೇಶ) ಇರಲಿ. ಬೇರೆ ಖಂಡದಲ್ಲಿಟ್ಟರೆ ಹೋಗಿಬರುವುದಕ್ಕೇ ಗಳಿಸಿದ ವೇಗ ಕರಗುತ್ತದೆ.

"ಹತ್ತು ಪಟ್ಟು ವೇಗ" ಎಂಬ ಸಾಲಿಗೆ ಅಳತೆ ಎಲ್ಲಿದೆ? ರೆಡಿಸ್‌ಗೆ ಇನ್ಫೋ ಸ್ಟ್ಯಾಟ್ಸ್ ಆಜ್ಞೆ ಕೊಟ್ಟು ಕೀಸ್ಪೇಸ್ ಹಿಟ್ಸ್ (ಕೇಳಿದ್ದು ಕ್ಯಾಶ್‌ನಲ್ಲಿ ಸಿಕ್ಕ ಸಲ), ಮಿಸಸ್ (ಸಿಗದ ಸಲ) ಎರಡನ್ನೂ ಬರೆದುಕೊಳ್ಳಿ. ದರ ಬೀಳುವ ಹೊತ್ತಿನ ಅಂಕಿ ಬೇರೆ, ರಾತ್ರಿಯದು ಬೇರೆ ತೋರಿಸಿ. ಅವು ಕೈಸೇರಿದ ಮೇಲೆ ಲೇಖನ ತಿದ್ದಿ ಕಳಿಸಿರಿ, ಖಂಡಿತ ಓದುತ್ತೇನೆ.