ಒಂದೇ ಕೋಡ್, ಎರಡು ಸಂಬಳ

ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ನನ್ನ ಬಳಿ ಸಲಹೆಗೆ ಬಂದ ಅವರಿಗೆ 31 ವರ್ಷ, ಸಾಫ್ಟ್‌ವೇರ್ ಡೆವಲಪರ್. ಮೂರು ತಿಂಗಳಿಂದ ರಾತ್ರಿ ಮೂರು ಗಂಟೆಗಿಂತ ಜಾಸ್ತಿ ನಿದ್ದೆಯಿಲ್ಲ. ಕೂತವರೇ ಫೋನ್ ತೆಗೆದು ನನ್ನ ಮುಂದೆ ಹಿಡಿದರು. ತಮ್ಮದೇ ಕಂಪನಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇವರಂಥದ್ದೇ ಕೆಲಸಕ್ಕೆ ಹಾಕಿದ್ದ ಜಾಹೀರಾತು. ಅಲ್ಲಿ 15 ಜನಕ್ಕಿಂತ ಕಡಿಮೆಯಿಲ್ಲದ ಕಂಪನಿಗಳು 2023ರಿಂದ ಜಾಹೀರಾತಿನಲ್ಲೇ ಸಂಬಳ ಎಷ್ಟರಿಂದ ಎಷ್ಟರವರೆಗೆ ಎಂದು ಹೇಳಬೇಕು. ಹಾಗಾಗಿ ಅಂಕಿ ಇವರ ಕಣ್ಣಿಗೆ ಬಿದ್ದಿತ್ತು. ಇವರ ಸಂಬಳದ ನಾಲ್ಕು ಪಟ್ಟು.

"ಅಲ್ಲಿ ಇದೇ ಕೆಲಸ ಮಾಡೋನ ಕೋಡ್ ತಿದ್ದೋದೇ ನಾನು ಮೇಡಂ. ನನ್ನ ಬೆಲೆ ಅವನ ಕಾಲು ಭಾಗ ಅಷ್ಟೇನಾ?"

ಆ "ಬೆಲೆ" ಅನ್ನೋ ಒಂದು ಮಾತಿನಲ್ಲೇ ಎರಡು ಭೇಟಿ ಕಳೆದವು. ಸಂಬಳ ಕೋಡಿನ ಗುಣ ಅಳೆದು ಬರುತ್ತದೆ ಎಂದು ಅವರು ನಂಬಿದ್ದರು. ಬಹುತೇಕ ಕಂಪನಿಗಳು ನೋಡೋದು ಬೇರೆ: ಈ ಊರಿನಲ್ಲಿ ಇವರನ್ನು ಬೇರೆಯವರು ಎಷ್ಟು ಕೊಟ್ಟು ಕರೆದುಕೊಂಡು ಹೋಗಬಹುದು? ಭಾರಿ ಲಾಭದ ಕಂಪನಿಗಳು ಒತ್ತೊತ್ತಾಗಿರುವ ಕಡೆ ಆ ಪೈಪೋಟಿ ಜೋರು. ಎಲ್ಲರೂ ಅಲ್ಲಿಗೇ ಹೋಗಿ ಕೆಲಸ ಹಿಡಿಯುವಂತಿದ್ದರೆ ಅಂತರ ಕರಗುತ್ತಿತ್ತೋ ಏನೋ. ಆದರೆ ಹೊರದೇಶದ ಪರಿಣತರಿಗೆ ಕೆಲಸಕ್ಕೆಂದು ಕೊಡುವ ಅಮೆರಿಕದ ಎಚ್‌-1ಬಿ ವೀಸಾಕ್ಕೇ ವರ್ಷಕ್ಕೆ 85,000ದ ಮಿತಿಯಿದೆ. ಕೋಡ್ ಗಡಿ ದಾಟುತ್ತದೆ, ಬರೆದವರು ದಾಟೋದು ಕಷ್ಟ.

ಹಾಗಂತ ಅವರ ಸಿಟ್ಟು ತಪ್ಪು ಎಂದು ನಾನು ಹೇಳಲಿಲ್ಲ. ಗಿಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್ ಕಂಪನಿ ಊರು ನೋಡಿ ಸಂಬಳ ನಿಗದಿ ಮಾಡುವುದನ್ನು ಮುಚ್ಚಿಟ್ಟಿಲ್ಲ. 37ಸಿಗ್ನಲ್ಸ್ ಎಂಬ ಇನ್ನೊಂದು ಕಂಪನಿ ಒಂದೇ ಹುದ್ದೆಗೆ ಎಲ್ಲಿದ್ದರೂ ಒಂದೇ ಸಂಬಳ ಕೊಡುತ್ತದೆ. ಅಂದ್ರೆ ಇದು ಯಾರೋ ಕೂತು ಮಾಡಿದ ತೀರ್ಮಾನ. ಪ್ರಶ್ನೆ ಕೇಳಬಹುದು.

ಕೊಟ್ಟ ಸಲಹೆ ಇಷ್ಟು. ವಿನಿಮಯ ದರದಿಂದ ಸುಮ್ನೆ ಗುಣಿಸಬೇಡಿ. ಅದೇ ಹಣಕ್ಕೆ ಎರಡೂ ಕಡೆ ಏನು ಸಿಗುತ್ತದೆ ಎಂದು ಹಾಳೆಯಲ್ಲಿ ಬರೆಯಿರಿ: ಬಾಡಿಗೆ, ತೆರಿಗೆ, ಮಕ್ಕಳ ಪಾಲನೆ, ಕೆಲಸ ಹೋದರೆ ಆರೋಗ್ಯ ವಿಮೆಯ ಗತಿ. ಮ್ಯಾನೇಜರ್ ಹತ್ತಿರ "ಅವನಿಗೆ ಅಷ್ಟು, ನನಗೆ ಇಷ್ಟು" ಎಂದು ಶುರು ಮಾಡಬೇಡಿ. ನನ್ನ ಸಂಬಳ ಯಾವ ಲೆಕ್ಕದ ಮೇಲೆ ನಿಂತಿದೆ ಎಂದು ಕೇಳಿ. ಜೊತೆಗೆ, ಊರು ನೋಡದೆ ಸಂಬಳ ಕೊಡುವ ಕಡೆ ಎರಡು ಅರ್ಜಿಯಾದರೂ ಹಾಕಿ.

ಮುಂದಿನ ಸಲ ಹಾಳೆ ತಂದರು, ಎರಡು ಕಡೆ ಹೊಡೆದು ತಿದ್ದಿದ್ದರು. ನಾಲ್ಕು ಪಟ್ಟು ಎರಡಕ್ಕೆ ಇಳಿದಿತ್ತು. ಆ ಎರಡು ನಿಜವಾದ ಅಂತರ, ಅದನ್ನು ನಾನೂ ಒಪ್ಪಿದೆ. ಮ್ಯಾನೇಜರ್ ಇನ್ನೂ ಉತ್ತರ ಕೊಟ್ಟಿಲ್ಲ. ಒಂದು ಅರ್ಜಿ ಹೋಗಿದೆ. ನಿದ್ದೆ ಈಗ ಐದು ಗಂಟೆ.