ಹಾಸನದಲ್ಲಿ ಆನ್‌ಲೈನ್‌ನಲ್ಲಿ ನೋಡಿದ ಬಾಡಿಗೆ ಮನೆಗೆ ಟೋಕನ್ ಹಾಕಬಹುದಾ?

ನೀವು ಕೇಳಿರೋದು ಇಷ್ಟು: ಬೆಂಗಳೂರಿನಿಂದ ಹಾಸನಕ್ಕೆ ವರ್ಗ ಆಗಿದೆ. ವಿದ್ಯಾನಗರದಲ್ಲಿ ಎರಡು ಬೆಡ್‌ರೂಮಿನ ಮನೆ 7,500 ರೂಪಾಯಿ ಬಾಡಿಗೆಗೆ ಇದೆ ಅಂತ ಆನ್‌ಲೈನ್‌ನಲ್ಲಿ ನೋಡಿದ್ದೀರಿ. ಓನರ್ ಸೇನೆಯಲ್ಲಿದ್ದಾರಂತೆ, ಈಗ ಜಮ್ಮುವಿನಲ್ಲಿ ಡ್ಯೂಟಿಯಂತೆ. 5,000 ಟೋಕನ್ ಹಾಕಿದರೆ ಕೀ ಕೊರಿಯರ್ ಮಾಡ್ತಾರಂತೆ. ಆಧಾರ್, ಸೈನಿಕರಿಗೆ ಕೊಡೋ ಕ್ಯಾಂಟೀನ್ ಕಾರ್ಡ್ ಎರಡನ್ನೂ ಕಳಿಸಿದ್ದಾರೆ. ನಂಬಬಹುದಾ ಅಂತ.

ಹಾಕಬೇಡಿ. ನೀವು ಬರೆದಿರೋದರಲ್ಲಿ ವಂಚನೆಯ ಗುರುತು ಒಂದಲ್ಲ, ನಾಲ್ಕಿವೆ.

ಮೊದಲು ಆ ಕಾರ್ಡುಗಳ ವಿಷಯ. ಆಧಾರ್ ಅಸಲಿಯೇ ಇರಬಹುದು, ಅದರ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಹೆಸರು, ಫೋಟೋ ಸರಿಯಾಗೇ ಬರಬಹುದು. ಅಂಥ ಒಬ್ಬ ವ್ಯಕ್ತಿ ಇದ್ದಾನೆ ಅನ್ನೋದಷ್ಟೇ ಅದರಿಂದ ಗೊತ್ತಾಗೋದು. ಫೋನಿನಲ್ಲಿ ಮಾತಾಡ್ತಿರೋನು ಅವನೇನಾ, ಮನೆ ಅವನದಾ, ಅದು ಕಾರ್ಡ್‌ನಲ್ಲಿ ಇರಲ್ಲ. ಇಂಥ ಕಾರ್ಡುಗಳು ಹಿಂದೆ ಮೋಸಹೋದ ಯಾರದೋ ಆಗಿರಬಹುದು. ನೀವು ಅಗ್ರಿಮೆಂಟ್‌ಗೆ ಅಂತ ನಿಮ್ಮ ಆಧಾರ್ ಕಳಿಸಿದರೆ ನಾಳೆ ಇನ್ನೊಬ್ಬರಿಗೆ 'ಓನರ್ ಆಧಾರ್' ಅಂತ ಹೋಗೋದು ಅದೇ. ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಮಾಸ್ಕ್ ಆಧಾರ್ ಡೌನ್‌ಲೋಡ್ ಮಾಡಿ, ಅದೂ ಮನೆ ನೋಡಿದ ಮೇಲೆ ಕೊಡಿ.

ಸೇನೆಯ ಕಥೆ ಯಾಕೆ ಅಂದರೆ, ಓನರ್ ಯಾಕೆ ಊರಲ್ಲಿಲ್ಲ ಅನ್ನೋ ಪ್ರಶ್ನೆಗೆ ಅದರಲ್ಲೇ ಉತ್ತರ ಇದೆ. ಜೊತೆಗೆ ನಮ್ಮ ಕಡೆ, ಪಕ್ಕದ ಕೊಡಗಿನಲ್ಲಂತೂ, ಸೈನಿಕರು ಅಂದರೆ ಜನ ಎದುರು ಮಾತಾಡಲ್ಲ. ನಿಜವಾಗಿಯೂ ಗಡಿಯಲ್ಲಿರೋ ಸೈನಿಕನ ಮನೆಯ ಕೀ ಅಣ್ಣನ ಹತ್ತಿರವೋ ಮಾವನ ಹತ್ತಿರವೋ ಇರುತ್ತೆ, ಕೊರಿಯರ್‌ನಲ್ಲಿ ಬರಲ್ಲ.

ಬಾಡಿಗೆ ಕಡಿಮೆ ಇರೋದೂ ಒಂದು ಗುರುತು. ಅದೇ ಬಡಾವಣೆಯ ನಾಲ್ಕೈದು ಜಾಹೀರಾತು ನೋಡಿ. ಎಲ್ಲ 12 ಸಾವಿರದ ಆಸುಪಾಸಿನಲ್ಲಿದ್ದು ಇದೊಂದೇ ಏಳೂವರೆ ಅಂದರೆ, ನೀವು ಲೆಕ್ಕ ಹಾಕೋದನ್ನ ಬಿಟ್ಟು ಅವಸರ ಮಾಡಲಿ ಅಂತಲೇ ಇಟ್ಟ ರೇಟು. ಹಿಂದೆಯೇ 'ಸರ್ ಇನ್ನೂ ಮೂರು ಫ್ಯಾಮಿಲಿ ಕೇಳ್ತಿದ್ದಾರೆ, ನೀವು ಒಳ್ಳೆಯವರು ಅಂತ ಹಿಡಿದಿಟ್ಟಿದೀನಿ' ಅಂತ ಮೆಸೇಜ್ ಬರುತ್ತೆ. ಮೇ-ಜೂನ್‌ನಲ್ಲಿ, ವರ್ಗಾವಣೆ ಮತ್ತು ಕಾಲೇಜು ಸೇರುವ ಗಡಿಬಿಡಿಯಲ್ಲಿ ಈ ಮಾತಿಗೆ ಬೀಳೋದು ಸುಲಭ.

ನಾಲ್ಕನೆಯದು ಟೋಕನ್. ಅದು 5,000ಕ್ಕೆ ನಿಲ್ಲಲ್ಲ. ಹಾಕಿದ ಕೂಡಲೇ 'ನಮ್ಮ ಅಕೌಂಟ್ಸ್‌ನಲ್ಲಿ ಎಂಟ್ರಿ ಆಗಿಲ್ಲ, ಇನ್ನೊಂದ್ಸಲ ಅಷ್ಟೇ ಹಾಕಿ, ಎರಡೂ ಸೇರಿ ರಿಫಂಡ್ ಆಗುತ್ತೆ' ಅಂತಾರೆ. ಮೊದಲಿನದು ಬಿಡಿಸಿಕೊಳ್ಳೋಕೆ ಎರಡನೆಯದು, ಅದಕ್ಕೆ ಮೂರನೆಯದು. ಕೆಲವರು ನಂಬಿಕೆ ಹುಟ್ಟಲಿ ಅಂತ ನಿಮ್ಮಿಂದ 1 ರೂಪಾಯಿ ಹಾಕಿಸಿಕೊಂಡು 2 ರೂಪಾಯಿ ವಾಪಸ್ ಕೊಡ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಹೆಸರಲ್ಲಿ ನಡೆಯೋ 'ಗೇಟ್ ಪಾಸ್ ಫೀ', ಅಂದರೆ ಮನೆ ನೋಡೋಕೆ ಒಳಗೆ ಬಿಡಲು ಮೊದಲೇ ಕಟ್ಟೋ ಶುಲ್ಕ, ಕೇಳಿದರೆ ನಕ್ಕು ಬಿಡಿ. ವಿದ್ಯಾನಗರದ ಬಿಡಿ ಮನೆಗೆ ಎಲ್ಲಿಯ ಗೇಟ್ ಪಾಸ್? ದುಡ್ಡು ಬರೋಕೆ ಕ್ಯೂಆರ್ ಸ್ಕ್ಯಾನ್ ಮಾಡಿ, ಪಿನ್ ಒತ್ತಿ ಅಂದರೆ ಅಲ್ಲೇ ಕಟ್ ಮಾಡಿ. ಯುಪಿಐ ಪಿನ್ ಒತ್ತಿದರೆ ದುಡ್ಡು ನಿಮ್ಮ ಖಾತೆಯಿಂದ ಹೋಗುತ್ತೆ, ಬರೋಕೆ ಪಿನ್ ಬೇಕಾಗಿಲ್ಲ. (ಮನೆ ಬಾಡಿಗೆಗೆ ಕೊಡೋರಿಗೂ ಇದೇ ಬಲೆ: 'ಫೌಜಿ' (ಸೈನಿಕ) ಬಾಡಿಗೆದಾರ ಅಡ್ವಾನ್ಸ್ ಕಳಿಸ್ತೀನಿ ಅಂತ ಕ್ಯೂಆರ್ ಕಳಿಸ್ತಾನೆ.) 'ಅಗ್ರಿಮೆಂಟ್' ಅಂತ ವಾಟ್ಸ್‌ಆ್ಯಪ್‌ನಲ್ಲಿ ಎಪಿಕೆ ಫೈಲ್ ಬಂದರೆ ತೆರೆಯಬೇಡಿ. ಅಗ್ರಿಮೆಂಟ್ ಪಿಡಿಎಫ್ ಆಗಿರುತ್ತೆ. ಎಪಿಕೆ ಅಂದರೆ ಫೋನಿಗೆ ಇಳಿಸೋ ಆ್ಯಪ್, ನಿಮ್ಮ ಒಟಿಪಿ ಓದೋಕೆ ಬಂದಿರೋದು.

ಇನ್ನು ಮುಂದೆ ಬೇರೆ ಮನೆ ನೋಡುವಾಗ ಫೋಟೋ ಸುಂದರವಾಗಿದೆಯಾ ಅನ್ನೋದು ಬಿಡಿ. ಮನೆಗೂ ಮಾತಾಡ್ತಿರೋ ಮನುಷ್ಯನಿಗೂ ಏನು ಸಂಬಂಧ ಅಂತ ಹುಡುಕಿ. ಅದಕ್ಕೆ ನಾನು ಸೂಚಿಸೋ ಅತಿ ಸುಲಭದ ದಾರಿ ಕರೆಂಟ್ ಮೀಟರ್. ಮೀಟರ್ ಬೋರ್ಡ್‌ನಲ್ಲಿ ಸಾಮಾನ್ಯವಾಗಿ ಆರ್‌.ಆರ್‌. ನಂಬರ್, ಅಂದರೆ ಆ ಮನೆಯ ವಿದ್ಯುತ್ ಸಂಪರ್ಕದ ಸಂಖ್ಯೆ, ಬರೆದಿರುತ್ತೆ. ಲೈವ್ ವಿಡಿಯೋ ಕಾಲ್ ಮಾಡಿಸಿ, ಗೇಟಿನಿಂದ ಅಡುಗೆಮನೆವರೆಗೆ ನಿಲ್ಲಿಸದೆ ನಡೆಸಿ, ನಲ್ಲಿ ತಿರುಗಿಸೋಕೆ ಹೇಳಿ, ಆಮೇಲೆ ಮೀಟರ್ ಮುಂದೆ ಕ್ಯಾಮೆರಾ ಹಿಡಿಸಿ. ನಂತರ ಇತ್ತೀಚಿನ ಬಿಲ್ ಕೇಳಿ. ಬಿಲ್‌ನ ಆರ್‌.ಆರ್‌. ನಂಬರ್ ಮೀಟರಿನದಕ್ಕೆ ಹೊಂದಬೇಕು. ಬಿಲ್‌ನಲ್ಲಿರುವ ಅಕೌಂಟ್ ಐಡಿಯನ್ನ ನಿಮ್ಮ ಯುಪಿಐ ಆ್ಯಪ್‌ನ ವಿದ್ಯುತ್ ಬಿಲ್ ಭಾಗದಲ್ಲಿ ಹಾಕಿದರೆ ಗ್ರಾಹಕರ ಹೆಸರು ಕಾಣುತ್ತೆ, ಬಿಲ್ ಕಟ್ಟಬೇಕಾಗಿಲ್ಲ. ಗೃಹಜ್ಯೋತಿಯಿಂದ ಬಿಲ್ ಸೊನ್ನೆ ಇದ್ದರೆ ಕೆಲವೊಮ್ಮೆ 'ಬಾಕಿ ಇಲ್ಲ' ಅಂತಷ್ಟೇ ಬರಬಹುದು. ಆಗ ಮನೆ ಕಂದಾಯದ ರಸೀದಿ ಕೇಳಿ.

ಇಲ್ಲೇ ಒಂದು ಸಣ್ಣ ಪರೀಕ್ಷೆ ಇದೆ. ಹಾಸನ ಜಿಲ್ಲೆಗೆ ಕರೆಂಟ್ ಕೊಡೋದು ಸೆಸ್ಕ್ (ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ನಿಗಮ). ಬೇಲೂರು ದಾಟಿ ಚಿಕ್ಕಮಗಳೂರಿಗೆ ಹೋದರೆ ಮೆಸ್ಕಾಂ. ಹಾಸನದ ಮನೆ ಅಂತ ಹೇಳಿ ಬೆಸ್ಕಾಂ ಬಿಲ್ ಕಳಿಸಿದರೆ, ಅದು ಬೆಂಗಳೂರೋ ತುಮಕೂರೋ ಕಡೆಯ ಯಾರದೋ ಮನೆಯದು.

ಕರೆಂಟ್ ಬಿಲ್ಲಿನಿಂದ ಸಿಕ್ಕ ಗ್ರಾಹಕರ ಹೆಸರನ್ನ, ಯುಪಿಐನಲ್ಲಿ ಪಿನ್ ಒತ್ತೋ ಮುಂಚೆ ಕಾಣುವ ಬ್ಯಾಂಕ್ ಖಾತೆಯ ಹೆಸರಿನ ಜೊತೆ ಹೋಲಿಸಿ. ಬೇರೆ ಇದ್ದ ಮಾತ್ರಕ್ಕೆ ಮೋಸ ಅಂತಲ್ಲ. ಮೀಟರ್ ತೀರಿಕೊಂಡ ತಂದೆಯ ಹೆಸರಲ್ಲೇ ಇರೋದು ನಮ್ಮಲ್ಲಿ ಮಾಮೂಲು. ಆದರೆ ಸಂಬಂಧ ಏನು ಅಂತ ಕೇಳಿದರೆ ಅಸಲಿ ಓನರ್ ಒಂದು ಮಾತಲ್ಲಿ ಹೇಳ್ತಾರೆ.

ಮಾತಲ್ಲಿ ಪರೀಕ್ಷಿಸೋಕೆ ನೀರಿನ ವಿಷಯ ಎತ್ತಿ. 'ಹೇಮಾವತಿ ನೀರು ಎಷ್ಟು ದಿನಕ್ಕೊಮ್ಮೆ ಬಿಡ್ತಾರೆ? ಸಂಪ್ ಇದೆಯಾ, ಬೋರ್ ಇದೆಯಾ?' ಮನೆ ಕಟ್ಟಿಸಿದೋರು ಈ ಪ್ರಶ್ನೆಗೆ ಹತ್ತು ನಿಮಿಷ ಮಾತಾಡ್ತಾರೆ, ಪಕ್ಕದ ಮನೆಯವರ ಮೋಟಾರ್ ಮೇಲಿನ ದೂರೂ ಸೇರಿಸಿ. ವಂಚಕ 'ಇಪ್ಪತ್ನಾಲ್ಕು ಗಂಟೆ ನೀರು ಸರ್' ಅಂತ ಮುಗಿಸ್ತಾನೆ. ಹಾಗಂತ ಚೆನ್ನಾಗಿ ಕನ್ನಡ ಮಾತಾಡ್ತಾನೆ ಅಂತ ನಂಬಬೇಡಿ, ಹಿಂದಿ ಮಾತಾಡಿದ ಅಂತ ತಳ್ಳಲೂಬೇಡಿ.

ಇಷ್ಟೆಲ್ಲ ಆದಮೇಲೂ ಮನೆಗೆ ಹೋಗಿ. ಬೆಂಗಳೂರಿನಿಂದ ಮೂರೂವರೆ, ನಾಲ್ಕು ಗಂಟೆ ದಾರಿ. ಹೋಗೋಕೆ ಆಗದಿದ್ದರೆ ನೀವು ಸೇರಲಿರುವ ಆಫೀಸಿನ ಒಬ್ಬರನ್ನ ಕೇಳಿ, ಹಾಸನದಷ್ಟು ಊರಲ್ಲಿ ಇದು ಅರ್ಧ ಗಂಟೆಯ ಕೆಲಸ. ಅಲ್ಲಿ ಮೂಲೆ ಅಂಗಡಿಯಲ್ಲಿ 'ಇದು ಇಂಥವರ ಮನೆನಾ?' ಅಂತ ಕೇಳಬಾರದು, ಯಾರೂ ಯೋಚಿಸದೆ ಹೂಂ ಅಂತಾರೆ. 'ಈ ಮನೆ ಯಾರದು?' ಅಂತ ಕೇಳಿ, ಹೆಸರು ಅವರ ಬಾಯಿಂದಲೇ ಬರಲಿ. ಕೀ ಕೈಯಲ್ಲಿದ್ದವರೆಲ್ಲ ಓನರ್ ಅಲ್ಲ. ಹಳೇ ಬಾಡಿಗೆದಾರ ಖಾಲಿ ಮಾಡೋ ಮುಂಚೆ ಮೂರು ಜನರಿಂದ ಅಡ್ವಾನ್ಸ್ ಎತ್ತಿಕೊಂಡು ಹೋಗೋದೂ ಉಂಟು. ಇದಕ್ಕೆ ಮನೆ ನೋಡಿದ್ದೊಂದೇ ಸಾಲಲ್ಲ, ಮೇಲೆ ಹೇಳಿದ ಹೆಸರಿನ ತಾಳೆಯೇ ಬೇಕು. ನೋಟರಿ ಸೀಲ್ ನೋಡಿ ಸಮಾಧಾನ ಪಡಬೇಡಿ, ಮನೆ ಯಾರದು ಅಂತ ನೋಟರಿ ತನಿಖೆ ಮಾಡಲ್ಲ.

ಭೋಗ್ಯಕ್ಕೆ, ಅಂದರೆ ಐದಾರು ಲಕ್ಷ ಒಟ್ಟಿಗೆ ಕೊಟ್ಟು ಬಾಡಿಗೆಯಿಲ್ಲದೆ ಇರೋದಕ್ಕೆ ಹೋಗೋದಾದರೆ ಎಚ್ಚರ ಇನ್ನೂ ಜಾಸ್ತಿ ಬೇಕು. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಋಣಭಾರ ಪತ್ರ, ಅಂದರೆ ಇ.ಸಿ. ತೆಗೆಸಿ. ನಮೂನೆ 15ರಲ್ಲಿ ಬಂದರೆ ನೋಂದಾದ ವ್ಯವಹಾರಗಳ ಪಟ್ಟಿ ಇರುತ್ತೆ, ಅಡಮಾನ ಇದೆಯಾ ಓದಿ. ನಮೂನೆ 16 ಅಂದರೆ ಆ ಅವಧಿಯಲ್ಲಿ ಏನೂ ನೋಂದಾಗಿಲ್ಲ ಅಂತ. ಪತ್ರಗಳನ್ನ ಬ್ಯಾಂಕಿನಲ್ಲಿಟ್ಟು ಪಡೆದ ಸಾಲ ಕೆಲವೊಮ್ಮೆ ಇ.ಸಿ.ಯಲ್ಲಿ ಕಾಣಲ್ಲ, ಆದ್ದರಿಂದ ಮೂಲ ಕ್ರಯಪತ್ರ ಕಣ್ಣಾರೆ ನೋಡಿ. ಜೆರಾಕ್ಸ್ ಮಾತ್ರ ತೋರಿಸಿದರೆ ಮೂಲ ಬ್ಯಾಂಕಿನಲ್ಲಿರಬಹುದು. ಓನರ್ ಸಾಲ ಕಟ್ಟದೆ ಮನೆ ಬ್ಯಾಂಕ್ ಹರಾಜಿಗೆ ಬಂದರೆ, ಆ ಸಾಲದ ನಂತರ ಒಳಗೆ ಬಂದ ನಿಮ್ಮ ನೋಂದಣಿಯಿಲ್ಲದ ಕರಾರಿಗೆ ಬೆಲೆ ಸಿಗೋದು ಕಷ್ಟ. ಒಂದು ವರ್ಷ ಮೀರಿದ ಕರಾರು ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಆಗಬೇಕು. 11 ತಿಂಗಳ ಅಗ್ರಿಮೆಂಟ್ ಚಾಲ್ತಿಗೆ ಬಂದಿದ್ದೇ ಅದನ್ನ ತಪ್ಪಿಸೋಕೆ.

ಈಗಾಗಲೇ ಹಾಕಿಬಿಟ್ಟಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಠಾಣೆ ಆಮೇಲೆ. ದೂರು ಬಂದ ಕೂಡಲೇ ಹಣ ಹೋದ ಬ್ಯಾಂಕಿಗೆ ಸೂಚನೆ ಹೋಗಿ, ಖಾತೆಯಲ್ಲಿ ಇನ್ನೂ ಉಳಿದಿದ್ದರೆ ತಡೆ ಬೀಳುತ್ತೆ. ವಂಚಕರು ಅದನ್ನ ಬೇರೆ ಖಾತೆಗಳಿಗೆ ಹಂಚೋ ಮುಂಚೆ ಇದಾಗಬೇಕು, ಹಾಗಾಗಿ ಮೊದಲ ಒಂದೆರಡು ಗಂಟೆ ಮುಖ್ಯ. ಪಾವತಿ ವಿವರದಲ್ಲಿರುವ 12 ಅಂಕೆಯ ಯುಟಿಆರ್ ನಂಬರ್, ಸಮಯ, ವಂಚಕನ ಯುಪಿಐ ಐಡಿ ಬರೆದಿಟ್ಟುಕೊಂಡೇ ಕರೆ ಮಾಡಿ. ನಿಮ್ಮ ಬ್ಯಾಂಕಿಗೂ ತಿಳಿಸಿ. ನಂತರ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಪೂರ್ತಿ ಮಾಡಿ, ಹಾಸನದ ಸಿ.ಇ.ಎನ್. (ಸೈಬರ್ ಅಪರಾಧ) ಠಾಣೆಗೆ ಪ್ರತಿ ಕೊಡಿ. ಚಾಟ್ ಅಳಿಸಬೇಡಿ, ಅವನನ್ನ ಬ್ಲಾಕ್ ಮಾಡೋ ಮುಂಚೆ ಎಲ್ಲದರ ಸ್ಕ್ರೀನ್‌ಶಾಟ್ ತೆಗೆಯಿರಿ. ಕೆಲವು ದಿನ ಬಿಟ್ಟು 'ನಿಮ್ಮ ದುಡ್ಡು ಸಿಕ್ಕಿದೆ, ಬಿಡಿಸೋಕೆ 2,000 ಪ್ರೊಸೆಸಿಂಗ್ ಫೀ ಕಟ್ಟಿ' ಅಂತ ಫೋನ್ ಬರಬಹುದು. ಕಟ್ಟಬೇಡಿ, 1930ಕ್ಕೆ ದೂರು ಕೊಟ್ಟಿದ್ದಕ್ಕೆ ಯಾರೂ ಫೀ ಕೇಳಲ್ಲ.