ಡಿಸ್ಕೋಗ್ರಫಿ ಬೇಡ, ಟೇಪಿನ ಕತೆ ಬರೆಯಿರಿ

ನಮಸ್ಕಾರ,

ಅಮೆರಿಕದ ಒಲಿವಿಯಾ ಟ್ರೆಮರ್ ಕಂಟ್ರೋಲ್ ಎನ್ನುವ ರಾಕ್ ಬ್ಯಾಂಡಿನ ರೆಕಾರ್ಡಿಂಗ್ ಬದುಕಿನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವಂತೆ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲೂ ಮನಸ್ಸಿಲ್ಲ. ಇಂಥ ಬ್ಯಾಂಡಿನ ಬಗ್ಗೆ ಕನ್ನಡದಲ್ಲಿ ಬರೆಯುವವರು ಕಡಿಮೆ, ಹಾಗಾಗಿ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ.

ಮೊದಲ ವಾಕ್ಯ: "ಸಂಗೀತದ ಮಾಯಾಲೋಕದಲ್ಲಿ ಮಿಂಚಿ ಮರೆಯಾದ ನಕ್ಷತ್ರ." ತೆಗೆದುಬಿಡಿ. ಇದು ಯಾವ ಬ್ಯಾಂಡಿಗೆ ಬೇಕಾದರೂ ಹೊಂದುತ್ತದೆ. ಅದಾದ ಮೇಲೆ ಎರಡು ಪುಟ ಬರೀ ಇಸವಿಗಳು. 1994ರಲ್ಲಿ ಇಪಿ (ಕೆಲವೇ ಹಾಡುಗಳ ಸಣ್ಣ ರೆಕಾರ್ಡ್), 1996ರಲ್ಲಿ ಮೊದಲ ಆಲ್ಬಮ್, 1999ರಲ್ಲಿ ಎರಡನೆಯದು, 2000ದಲ್ಲಿ ಬ್ಯಾಂಡ್ ಒಡೆಯಿತು. ಎಲ್ಲ ಸರಿ. ಆದರೆ ಓದುವವನ ಕಿವಿಗೆ ಏನೂ ಬೀಳಲಿಲ್ಲವಲ್ಲ!

ಒಂದು ತಪ್ಪನ್ನಂತೂ ತಿದ್ದಲೇಬೇಕು. 1996ರ 'ಡಸ್ಕ್ ಅಟ್ ಕ್ಯೂಬಿಸ್ಟ್ ಕ್ಯಾಸಲ್' "ಬಿಡುಗಡೆಯಾಗದ ಸಿನಿಮಾದ ಸಂಗೀತ" ಅಂತ ಬರೆದಿದ್ದೀರಿ. ಆ ಸಿನಿಮಾ ಬಿಡುಗಡೆಯಾಗದೆ ಉಳಿದದ್ದಲ್ಲ, ಅದನ್ನು ಯಾರೂ ತೆಗೆದೇ ಇಲ್ಲ. ಇಲ್ಲದ ಸಿನಿಮಾಕ್ಕೆ 27 ತುಣುಕುಗಳ ಸಂಗೀತ ಮಾಡಿದರು ಎನ್ನುವುದೇ ಅಲ್ಲಿನ ಮಜಾ. ಅದನ್ನೇ ಕಳೆದುಕೊಂಡಿದ್ದೀರಿ.

ಈಗ ಮುಖ್ಯ ವಿಷಯ. ಮೂರನೇ ಪುಟದ ಒಂದು ಮೂಲೆಯಲ್ಲಿ "ಫೋರ್-ಟ್ರ್ಯಾಕ್ ಯಂತ್ರದಲ್ಲಿ ರೆಕಾರ್ಡ್ ಮಾಡುತ್ತಿದ್ದರು" ಅಂತ ಬರೆದು ಮುಂದೆ ಹೋಗಿದ್ದೀರಿ. ಸ್ವಾಮೀ, ನಿಮ್ಮ ಲೇಖನ ಇರುವುದೇ ಅಲ್ಲಿ! ಟ್ರ್ಯಾಕ್ ಅಂದರೆ ಟೇಪಿನ ಮೇಲೆ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಬಹುದಾದ ಒಂದೊಂದು ಪಟ್ಟಿ. ಅಂಥವು ನಾಲ್ಕೇ ಇರುವಾಗ ಗಿಟಾರ್, ಡ್ರಮ್ಸ್, ಹತ್ತು ಪದರ ದನಿ ಎಲ್ಲವನ್ನೂ ಎಲ್ಲಿ ಇಡುತ್ತೀರಿ? ಮೂರು ಟ್ರ್ಯಾಕ್ ತುಂಬಿಸಿ, ಅವನ್ನು ಮಿಕ್ಸ್ ಮಾಡಿ ನಾಲ್ಕನೆಯದಕ್ಕೆ ಇಳಿಸಬೇಕು. ಆಮೇಲೆ ಮೊದಲ ಮೂರನ್ನು ಅಳಿಸಿ, ಅವುಗಳ ಮೇಲೆ ಹೊಸದನ್ನು ನುಡಿಸಬೇಕು. ಇದನ್ನು ಬೌನ್ಸ್ ಮಾಡುವುದು ಅಂತಾರೆ. ಒಮ್ಮೆ ಬೌನ್ಸ್ ಮಾಡಿದರೆ ಮುಗಿಯಿತು. ಡ್ರಮ್ಸ್ ಜೋರಾಯಿತು ಅಂತ ನಾಳೆ ಅನ್ನಿಸಿದರೂ ತಗ್ಗಿಸಲು ಆಗುವುದಿಲ್ಲ. ಪ್ರತಿ ಬೌನ್ಸ್‌ಗೂ ಟೇಪಿನ 'ಹಿಸ್' ಸದ್ದು ಏರುತ್ತದೆ, ಮೇಲಿನ ಸ್ವರಗಳ ಹೊಳಪು ಇಳಿಯುತ್ತದೆ. ನೀವು "ಕನಸಿನಂಥ ಮಂಜು" ಅಂತ ಮೂರು ಕಡೆ ಬರೆದಿದ್ದೀರಲ್ಲ, ಆ ಮಂಜಿನಲ್ಲಿ ಸುಮಾರು ಪಾಲು ಈ ಕೆಲಸದಿಂದ ಬಂದದ್ದು. ಅದು ಹೇಗೆ ಬಂತು ಅಂತ ಹೇಳಿ. ಆಗ ಮಂಜು ಎನ್ನುವ ಪದವೇ ಬೇಕಾಗುವುದಿಲ್ಲ.

ಬೀಟಲ್ಸ್ ಹೋಲಿಕೆ ಐದು ಸಲ ಬಂದಿದೆ, ಐದೂ ಸಲ ಬರೀ ಹೊಗಳಿಕೆಗೆ. ಒಂದೇ ಸಲ ಬಳಸಿ, ಕೆಲಸಕ್ಕೆ ಬಳಸಿ. ಬೀಟಲ್ಸ್ 1967ರಲ್ಲಿ 'ಸಾರ್ಜೆಂಟ್ ಪೆಪ್ಪರ್' ಮಾಡಿದ್ದೂ ಫೋರ್-ಟ್ರ್ಯಾಕ್ ಯಂತ್ರಗಳಲ್ಲೇ. ಆದರೆ ಆ ಸ್ಟುಡಿಯೋ ಟೇಪ್ ಒಂದು ಇಂಚು ಅಗಲ. 90ರ ದಶಕದಲ್ಲಿ ಮನೆಯಲ್ಲಿ ರೆಕಾರ್ಡ್ ಮಾಡುವವರ ಕೈಗೆ ಸಿಗುತ್ತಿದ್ದ ಕ್ಯಾಸೆಟ್ ಟೇಪ್ ನಾಲ್ಕು ಮಿಲಿಮೀಟರ್ ಕೂಡ ಇಲ್ಲ. ಟ್ರ್ಯಾಕ್‌ಗಳ ಸಂಖ್ಯೆ ಅಷ್ಟೇ, ಜಾಗ ಮಾತ್ರ ಎಷ್ಟು ಕಡಿಮೆ ನೋಡಿ.

ನ್ಯೂಟ್ರಲ್ ಮಿಲ್ಕ್ ಹೋಟೆಲ್ ಬಗ್ಗೆ ಇಡೀ ಒಂದು ಪುಟ ಯಾಕೆ? ಆ ಬ್ಯಾಂಡಿನ ಜೆಫ್ ಮ್ಯಾಂಗಮ್ ಆರಂಭದಲ್ಲಿ ಈ ಬ್ಯಾಂಡಿನಲ್ಲೂ ಇದ್ದವರು, ಎಲಿಫೆಂಟ್ 6 ಎನ್ನುವ ಸಂಗೀತಗಾರ ಗೆಳೆಯರ ಬಳಗದವರು. ಎರಡು ಸಾಲು ಸಾಕು. ಹೆಸರಾದ ಗೆಳೆಯನ ಕೈ ಹಿಡಿದು ಓದುಗರ ಮುಂದೆ ಬರುವ ಅಗತ್ಯ ವಿಲ್ ಕಲನ್ ಹಾರ್ಟ್‌ಗೂ ಇಲ್ಲ, ಬಿಲ್ ಡಾಸ್‌ಗೂ ಇಲ್ಲ. ಈ ಬ್ಯಾಂಡಿನ ಹಾಡುಗಳನ್ನು ಕಟ್ಟಿದವರು ಇವರಿಬ್ಬರೇ, ಆ ಪುಟವನ್ನು ಇವರಿಗೆ ಕೊಡಿ. ಬ್ಯಾಂಡ್ ಒಡೆದ ಮೇಲೆ ಡಾಸ್ 'ದಿ ಸನ್‌ಶೈನ್ ಫಿಕ್ಸ್' ನಡೆಸಿದರು, ಹಾರ್ಟ್ 'ಸರ್ಕ್ಯುಲೇಟರಿ ಸಿಸ್ಟಮ್' ಕಟ್ಟಿದರು. ಎರಡನ್ನೂ ಬೇರೆ ಬೇರೆ ಕೇಳಿದರೆ ಮೊದಲಿನ ಬ್ಯಾಂಡಿನಲ್ಲಿ ಯಾರಿಂದ ಏನು ಬರುತ್ತಿತ್ತು ಅಂತ ಊಹಿಸಬಹುದು. ಡಾಸ್ ಕಡೆ ಬಿಸಿಲಿನಂಥ ಪಾಪ್ ಜಾಸ್ತಿ, ಹಾರ್ಟ್ ಕಡೆ ಸದ್ದಿನ ತುಂಡುಗಳ ಹುಚ್ಚು ಜಾಸ್ತಿ ಅಂತ ನನಗನ್ನಿಸುತ್ತದೆ. ನೀವು ಒಪ್ಪದಿದ್ದರೆ ವಾದ ಮಾಡಿ, ಸಂತೋಷ.

1999ರ 'ಬ್ಲ್ಯಾಕ್ ಫೋಲಿಯೇಜ್' ಅನ್ನು "ಕಷ್ಟದ ಆಲ್ಬಮ್" ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅದರಲ್ಲಿ ಹನ್ನೊಂದು ನಿಮಿಷ ಮೀರಿದ ಒಂದು ಟ್ರ್ಯಾಕ್ ಇದೆ, ಬಹುಪಾಲು ಕತ್ತರಿಸಿ ಜೋಡಿಸಿದ ಸದ್ದು. ನಿಜ ಹೇಳಿ, ಪೂರ್ತಿ ಕೇಳಿದ್ದೀರಾ? ಬೇಸರವಾಗಿದ್ದರೆ ಹಾಗೇ ಬರೆಯಿರಿ. ಎಷ್ಟನೇ ನಿಮಿಷಕ್ಕೆ ಬೇಸರವಾಯಿತು ಅನ್ನುವುದೂ ವಿಮರ್ಶೆಯೇ. ಕೇಳುಗರಿಂದ ಅವರವರ ಕನಸುಗಳ ರೆಕಾರ್ಡಿಂಗ್ ತರಿಸಿಕೊಂಡು ಆ ದನಿಗಳನ್ನು ಈ ಆಲ್ಬಮ್‌ಗೆ ಸೇರಿಸಿದರು. ಅದು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ.

ಕೊನೆಯ ಭಾಗದಲ್ಲಿ ಸಾವುಗಳ ಬಗ್ಗೆ ಬರೆದಾಗ ಕಣ್ಣೀರು ಸ್ವಲ್ಪ ಹೆಚ್ಚಾಯಿತು. ಡಾಸ್ 2012ರಲ್ಲಿ ಹೋದರು. ಹಾರ್ಟ್ 2024ರ ನವೆಂಬರ್‌ನಲ್ಲಿ, ಒಡೆದು ಮತ್ತೆ ಒಂದಾಗಿದ್ದ ಬ್ಯಾಂಡಿನ ಎರಡು ಹೊಸ ಹಾಡು ಹೊರಬಂದ ದಿನವೇ ತೀರಿಕೊಂಡರು. ಇಷ್ಟು ಹೇಳಿ ನಿಲ್ಲಿಸಿ. "ವಿಧಿಯ ಕ್ರೂರ ಆಟ" ಎಲ್ಲ ಬೇಡ.

ಮತ್ತೆ ಬರೆಯುವ ಮುಂಚೆ ಒಂದು ಕೆಲಸ ಮಾಡಿ. 1996ರ ಆಲ್ಬಮ್‌ನ ಆರಂಭದ ಪ್ರತಿಗಳ ಜೊತೆ ಇನ್ನೊಂದು ಡಿಸ್ಕ್ ಕೊಟ್ಟಿದ್ದರು, ಎರಡನ್ನೂ ಒಟ್ಟಿಗೆ ಹಾಕಿ ಕೇಳಲಿ ಅಂತ. ಎರಡು ಪ್ಲೇಯರ್ ಒಂದೇ ಕ್ಷಣಕ್ಕೆ ಶುರುವಾಗುವುದು ಕಷ್ಟ, ಅಲ್ವಾ? ಹಾಗಾಗಿ ಒಬ್ಬರು ಕೇಳಿದ್ದು ಇನ್ನೊಬ್ಬರಿಗೆ ಸಿಗುವುದಿಲ್ಲ. ನಿಮಗೆ ಏನು ಕೇಳಿಸಿತೋ ಅಲ್ಲಿಂದ ಲೇಖನ ಶುರು ಮಾಡಿ. 1,200 ಪದ ಸಾಕು. ಇಸವಿಗಳ ಪಟ್ಟಿ ಬೇಕಿದ್ದರೆ ಪಕ್ಕದಲ್ಲಿ ಸಣ್ಣ ಬಾಕ್ಸ್ ಮಾಡಿ ನಾವೇ ಹಾಕುತ್ತೇವೆ.

ಸಂಪಾದಕ